ಮುನ್ನೂರು ಕುರ್ಚಿ ಮಲ್ಲಸಂದ್ರ ದಾಟಿದ್ದು

ಶಾಮಿಯಾನ ರಂಗರಾಜು ಅವರ ಹತ್ತಿರ ಇದ್ದದ್ದು ಮುನ್ನೂರೇ ಕುರ್ಚಿ. ಆದರೆ ಮದುವೆ ಸೀಸನ್ನಿನಲ್ಲಿ ಆ ಮುನ್ನೂರೂ ತುಮಕೂರಿನಲ್ಲಿ, ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ ಒಂದೇ ಹೊತ್ತಿಗೆ ಇರುತ್ತಿದ್ದವು. ಈ ಶಕ್ತಿ ದೇವರನ್ನು ಬಿಟ್ಟರೆ ತುಮಕೂರು ಶಿರಾ ಗೇಟಿನ ಈ ನೀಲಿ ಪ್ಲಾಸ್ಟಿಕ್ ಕುರ್ಚಿಗಳಿಗೆ ಮಾತ್ರ ಇತ್ತು.

ಇದರ ಗುಟ್ಟು ನನಗೆ ಗೊತ್ತು, ಏಕೆಂದರೆ ಅವರ ಗೋಡೌನಿಗೆ ಅಂಟಿಕೊಂಡೇ ನನ್ನ ಪ್ರೆಸ್ಸು ಇದೆ. ನಾನು ಸಿದ್ದಗಂಗಯ್ಯ, ಲಗ್ನಪತ್ರಿಕೆ ಅಚ್ಚು ಹಾಕುವವನು. ಮುಹೂರ್ತ ಹತ್ತೂವರೆ ಎಂದು ನಾನು ಅಚ್ಚು ಹಾಕಿದರೆ ಜನ ಹನ್ನೆರಡಕ್ಕೆ ಬರುತ್ತಾರೆ ಎಂದು ರಂಗರಾಜು ಓದಿಕೊಳ್ಳುತ್ತಿದ್ದರು. ನಡುವಿನ ಒಂದೂವರೆ ಗಂಟೆಯ ಮೇಲೆ ಅವರ ವ್ಯವಹಾರ ನಿಂತಿತ್ತು. ಆ ಹೊತ್ತಿನಲ್ಲಿ ಗಿರಾಕಿ ಫೋನ್ ಮಾಡಿದರೆ ಹೇಳಲು ನಾಲ್ಕು ಮಾತು ಸಿದ್ಧವಾಗಿರುತ್ತಿದ್ದವು. "ಲೋಡ್ ಆಗ್ತಾ ಐತೆ." "ಗಾಡಿ ಹೊರಟಾಯ್ತು." "ಮಲ್ಲಸಂದ್ರ ದಾಟ್ತು." "ಇನ್ನು ಹತ್ತೇ ನಿಮಿಷ." ಮಲ್ಲಸಂದ್ರ ಗುಬ್ಬಿ ದಾರಿಯ ಗಿರಾಕಿಗೆ. ಕುಣಿಗಲ್ ದಾರಿಯವರಿಗೆ ಅದರ ಬದಲು ಹೆಬ್ಬೂರು.

ಇದನ್ನು ಸುಳ್ಳು ಎನ್ನಬಾರದು. ಶಾಮಿಯಾನದವರು ಇದಕ್ಕೆ ಸಮಾಧಾನ ಮಾಡುವುದು ಎನ್ನುತ್ತಾರೆ. "ನಾಳೆ ಬೆಳಿಗ್ಗೆ ಗ್ಯಾರಂಟಿ ಕೊಡ್ತೀನಿ" ಎಂದು ನಾನೂ ದಿನಕ್ಕೆ ನಾಲ್ಕು ಜನರನ್ನು ಸಮಾಧಾನ ಮಾಡುವವನೇ, ಆದ್ದರಿಂದ ಈ ವಿಷಯದಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ.

ಹೀಗೆ ಸುಖವಾಗಿದ್ದ ಮನುಷ್ಯನಿಗೆ ಒಂದು ಚಪಲವಿತ್ತು. ಶಾಮಿಯಾನ, ಪಾತ್ರೆ ಮತ್ತು ಧ್ವನಿವರ್ಧಕ ಮಾಲೀಕರ ಸಂಘದ ಅಧ್ಯಕ್ಷನಾಗಬೇಕು. ಹನ್ನೊಂದು ವರ್ಷದಿಂದ ಆ ಜಾಗದಲ್ಲಿ ಭೀಮರಾಜ್ ಎಂಬ ಹಿರಿಯರು ಕದಲದೆ ಇದ್ದರು. ಈ ವರ್ಷ ಅವರಿಗೆ ಮಂಡಿನೋವು ಬಂತು. ವೇದಿಕೆಯ ಮೆಟ್ಟಿಲು ಹತ್ತಲಾಗದ ಮೇಲೆ ಅಧ್ಯಕ್ಷನಾಗಿ ಏನು ಪ್ರಯೋಜನ ಎಂದು ಅವರೇ ಬಿಡಲು ಒಪ್ಪಿದರು. ಆದರೆ ಒಂದು ಮಾತು ಹೇಳಿದರು: "ನಾನಾದ್ಮೇಲೆ ಬರೋನು ಏನಾದ್ರೂ ಸಾಧನೆ ಮಾಡಿರ್ಬೇಕು ಕಣಯ್ಯ. ಬರೀ ಕುರ್ಚಿ ಹಾಕಿ ಎತ್ತೋದು ಎಲ್ಲಾರೂ ಮಾಡ್ತಾರೆ."

ಹದಿನೆಂಟು ವರ್ಷದಿಂದ ಬರೀ ಕುರ್ಚಿ ಹಾಕಿ ಎತ್ತಿದ್ದ ರಂಗರಾಜು ಸಾಧನೆಗಾಗಿ ಸುತ್ತಲೂ ನೋಡಿದರು. ರಸ್ತೆಯಾಚೆ ಏಜಾಜ್ ಅಹಮದ್ ಅವರ ಕಂಪ್ಯೂಟರ್ ಮತ್ತು ಸಿಸಿ ಕ್ಯಾಮೆರಾ ಅಂಗಡಿ ಕಾಣಿಸಿತು.

"ಏಜಾಜ್, ನಂಗೊಂದು ರಿಯಲ್ ಟೈಮ್ ಬೇಕಲ್ಲ" ಅಂದರು, ಅರ್ಧ ಕೆಜಿ ತೊಗರಿಬೇಳೆ ಕೇಳುವ ಹಾಗೆ.

"ಏನು ರಿಯಲ್ ಟೈಮ್ ಅಣ್ಣ?"

"ಅದೇ ಕಣಪ್ಪ, ಎಲ್ಲಾ ಕಡೆ ಬಂದೈತಲ್ಲ. ನಾನು ಇಲ್ಲಿ ಒತ್ತಿದ್ರೆ ಗಿರಾಕಿ ಕೈಲಿ ಅಲ್ಲಿ ಟಿಂಗ್ ಅನ್ಬೇಕು."

ಏಜಾಜ್ ಕೆಲಸ ಬಲ್ಲವರು, ಅದಕ್ಕೇ ನಿಧಾನವಾಗಿ ವಿವರಿಸಿದರು. "ಗೋಡೌನಲ್ಲಿ ಒಂದು ಕಂಪ್ಯೂಟರ್ ಇಡ್ತೀನಿ, ಅದು ಸರ್ವರ್. ನಿಮ್ಮ ಫೋನಲ್ಲಿ, ಗಿರಾಕಿಗಳ ಫೋನಲ್ಲಿ ಒಂದೊಂದು ಪ್ರೋಗ್ರಾಂ ಹಾಕ್ತೀನಿ, ಅವು ಕ್ಲೈಂಟು. ಎಲ್ಲಾ ಕ್ಲೈಂಟೂ ಸರ್ವರ್ ಜೊತೆ ಲೈನ್ ಹಿಡ್ಕೊಂಡೇ ಇರ್ತವೆ. ಯಾರು ಏನು ಕಳಿಸಿದ್ರೂ ಮೊದ್ಲು ಸರ್ವರ್‌ಗೆ ಬರುತ್ತೆ. ಯಾರಿಗೆ ಅಂತ ನೋಡಿ ಸರ್ವರ್ ಅದೇ ಕ್ಷಣ ತಲುಪಿಸುತ್ತೆ."

"ಅದನ್ನ ವಾಟ್ಸಾಪ್‌ನಲ್ಲೇ ಮಾಡ್ಬಹುದಲ್ವೇನ್ರೀ?" ಎಂದರು ಪಕ್ಕದಲ್ಲಿದ್ದ ರಂಗರಾಜು ಅವರ ಹೆಂಡತಿ ಶಶಿಕಲಾ. ಆ ಮನೆಯಲ್ಲಿ ಬುದ್ಧಿ ಇರುವುದು ಅವರಿಗೆ. ಅದಕ್ಕೇ ಅವರ ಮಾತು ನಡೆಯುವುದಿಲ್ಲ.

"ವಾಟ್ಸಾಪ್ ಸೊಪ್ಪಿನೋರ ಹತ್ರನೂ ಐತೆ ಕಣೇ. ಅದನ್ನ ಸಾಧನೆ ಅಂತಾರಾ?" ಎಂದು ರಂಗರಾಜು ಅವರ ಬಾಯಿ ಮುಚ್ಚಿಸಿದರು.

ಬುಧವಾರ ಗೋಡೌನಿನಲ್ಲಿ ಪ್ರದರ್ಶನ ನಡೆಯಿತು. ಭೀಮರಾಜ್ ಮಂಡಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಮೇಜಿನ ಮೇಲೆ ಅವರ ಫೋನು, ನನ್ನ ಫೋನು, ಶಶಿಕಲಾ ಅವರ ಫೋನು ಸಾಲಾಗಿ ಮಲಗಿದ್ದವು. ರಂಗರಾಜು ಊದುಬತ್ತಿ ಹಚ್ಚಿ ತಮ್ಮ ಫೋನಿನಲ್ಲಿ ಒಂದು ಸಲ ಒತ್ತಿದರು. ಮೂರೂ ಒಟ್ಟಿಗೆ ಟಿಂಗ್ ಅಂದವು. ಅಷ್ಟೇ ಅಲ್ಲ, ರೈಲ್ವೆ ಸ್ಟೇಷನ್ನಿನ ಹೆಂಗಸಿನಂಥ ದನಿಯೊಂದು ಮೂರರಿಂದಲೂ ಸ್ಪಷ್ಟ ಕನ್ನಡದಲ್ಲಿ ಓದಿತು: "ರಂಗರಾಜು ಅವರಿಂದ ಸಂದೇಶ. ಸರ್ವರಿಗೂ ಸ್ವಾಗತ." ಓದಲು ಕಷ್ಟಪಡುವ ಹಿರಿಯ ಗಿರಾಕಿಗಳಿಗೆಂದು ಏಜಾಜ್ ಸೇರಿಸಿದ ಅನುಕೂಲ ಅದು.

ಭೀಮರಾಜ್ ಎದ್ದು ರಂಗರಾಜು ಅವರ ಬೆನ್ನು ತಟ್ಟಿದರು. ಭಾನುವಾರವೇ ಸನ್ಮಾನ, 'ಕಾಲನಿಷ್ಠ ರತ್ನ' ಬಿರುದು, ಅದೇ ವೇದಿಕೆಯಲ್ಲಿ ಅಧ್ಯಕ್ಷರ ಘೋಷಣೆ ಎಂದು ಅಲ್ಲೇ ತೀರ್ಮಾನವಾಯಿತು.

ಎಲ್ಲರೂ ಏಳುವಾಗ ಏಜಾಜ್ ಹೇಳಿದರು, "ಅಣ್ಣ, ಇವತ್ತು ತೋರ್ಸೋಕೆ ಅಂತ ಸರ್ವರಲ್ಲಿ 'ಎಲ್ಲರಿಗೂ' ಅಂತ ಇಟ್ಟಿದೀನಿ, ಯಾರು ಕಳಿಸಿದ್ರೂ ಎಲ್ಲರ ಫೋನಿಗೂ ಹೋಗುತ್ತೆ. ಗಿರಾಕಿಗೆ ಕಳಿಸೋವಾಗ ಮೇಲಿರೋ ಪಟ್ಟೀಲಿ ಅವರ ಹೆಸರು ಒತ್ತಿ, ಆಮೇಲೆ ಕಳಿಸಿ. ಮರೀಬೇಡಿ."

"ಅದೆಲ್ಲಾ ಗೊತ್ತು ಬುಡಪ್ಪ. ಶುರುನಲ್ಲೇ ಹೆಸರು ಬರೀತೀನಲ್ಲ. ಗುಬ್ಬಿ ಗಿರಾಕೀನ ಓಬಳಮ್ಮನೋರೇ ಅಂತ ಕರೆದ್ರೆ ಓಬಳಮ್ಮ ತಾನೇ ತಿರುಗಿ ನೋಡೋದು? ಕುಣಿಗಲ್ ಗಿರಾಕಿ ಮುಜೀಬ್ ಯಾಕೆ ತಿರುಗ್ತಾರೆ?"

ಜೀವನವಿಡೀ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟ ಮನುಷ್ಯ ಆಡಿದ ಮಾತು ಇದು. ಮೈಕಿನಲ್ಲಿ ಒಬ್ಬರ ಹೆಸರು ಹಿಡಿದು ಗುಟ್ಟು ಹೇಳಿದರೆ ಅದು ಅವರಿಗೊಬ್ಬರಿಗೇ ಕೇಳುತ್ತದೆಯೇ ಎಂದು ಏಜಾಜ್ ಕೇಳಬೇಕೆಂದಿದ್ದರು. ಅಷ್ಟರಲ್ಲಿ ಭೀಮರಾಜ್ ತಮ್ಮ ಮನೆಯ ಸಿಸಿ ಕ್ಯಾಮೆರಾದಲ್ಲಿ ಹಲ್ಲಿ ಮಾತ್ರ ಕಾಣುತ್ತದೆ ಎಂದು ಅವರನ್ನು ಎಳೆದುಕೊಂಡು ಹೋದರು. ನಮ್ಮ ಮೂವರ ಫೋನಿನಿಂದ ಆ ಪ್ರೋಗ್ರಾಂ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.

ಭಾನುವಾರ ಬಂತು. ಅಷ್ಟರಲ್ಲಿ ಅಂದಿನ ಇಬ್ಬರು ಗಿರಾಕಿಗಳ ಫೋನಿಗೂ ಆ ಪ್ರೋಗ್ರಾಂ ಹತ್ತಿತ್ತು. ಮುನ್ನೂರು ಕುರ್ಚಿಗೆ ಅಂದು ಮೂರು ಕೆಲಸ. ಗುಬ್ಬಿಯಲ್ಲಿ ಓಬಳಮ್ಮನವರ ಮೊದಲ ಮೊಮ್ಮಗಳ ನಾಮಕರಣ. ಕುಣಿಗಲ್ಲಿನಲ್ಲಿ ಬಟ್ಟೆ ಅಂಗಡಿ ಮುಜೀಬ್ ಅವರ ಮಗಳು ಅರ್ಜೂಳ ನಿಶ್ಚಿತಾರ್ಥ. ಶಿರಾ ಗೇಟಿನ ಸಮುದಾಯ ಭವನದಲ್ಲಿ ಸ್ವತಃ ರಂಗರಾಜು ಅವರ ಸನ್ಮಾನ. ಅವರ ಲೆಕ್ಕ ಸರಳವಾಗಿತ್ತು. ಸನ್ಮಾನ ಒಂಬತ್ತೂವರೆಗೆ ಶುರು, ಹತ್ತೂವರೆಗೆ ಮುಕ್ತಾಯ. ಕುರ್ಚಿ ಅಲ್ಲಿಂದ ಗುಬ್ಬಿಗೆ, ಗುಬ್ಬಿಯಲ್ಲಿ ಊಟ ಮುಗಿಯುತ್ತಲೇ ಕುಣಿಗಲ್ಲಿಗೆ. ಲೆಕ್ಕದಲ್ಲಿ ಒಂದೇ ತಪ್ಪು. ಊರಿನ ಯಾವ ಸಮಾರಂಭವೂ ಹೊತ್ತಿಗೆ ಶುರುವಾಗುವುದಿಲ್ಲ ಎಂದು ನಂಬಿ ಬದುಕಿದ ಮನುಷ್ಯ ತನ್ನದೊಂದು ಮಾತ್ರ ಶುರುವಾಗುತ್ತದೆ ಎಂದು ನಂಬಿದ್ದರು.

ಸಮಯಪಾಲನೆಯ ಮಹತ್ವ ಕುರಿತು ಮಾತಾಡಬೇಕಿದ್ದ ಮುಖ್ಯ ಅತಿಥಿ, ಒಬ್ಬ ನಿವೃತ್ತ ಅಧಿಕಾರಿ, ಹತ್ತು ಐವತ್ತಕ್ಕೆ ಬಂದರು. ಅಲ್ಲಿಯವರೆಗೆ ರಂಗರಾಜು ಮೈಸೂರು ಪೇಟ ತೊಟ್ಟು ವೇದಿಕೆಯ ಮೇಲಿನ ಕೆಂಪು ಮಖಮಲ್ಲಿನ ಸಿಂಹಾಸನದಲ್ಲಿ ಕೂತು, ಮಡಿಲಲ್ಲಿ ಫೋನು ಇಟ್ಟುಕೊಂಡು ರಿಯಲ್ ಟೈಮ್ ಸೇವೆ ನಡೆಸುತ್ತಿದ್ದರು. ಅಭಿನಂದನಾ ಪತ್ರ ಹೊತ್ತು ತಂದ ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ದನಿಯನ್ನು ಸಣ್ಣಗೆ ಮಾಡಿ ಫೋನು ನೋಡುತ್ತಿದ್ದೆ.

"ಓಬಳಮ್ಮನವರೇ, ಗಾಡಿ ಹೊರಟಿದೆ."

"ಮುಜೀಬ್ ಭಾಯ್, ಗಾಡಿ ಹೊರಟಿದೆ."

ಇಲ್ಲಿಗೆ ಅಪಾಯವಿರಲಿಲ್ಲ. ಎರಡು ಗಾಡಿ ಇರಬಹುದು ಎಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಹತ್ತು ಇಪ್ಪತ್ತಕ್ಕೆ ಮತ್ತೆ ಬಂತು.

"ಓಬಳಮ್ಮನವರೇ, ನಮ್ಮ ಮುನ್ನೂರು ಕುರ್ಚಿಯೂ ಮಲ್ಲಸಂದ್ರ ದಾಟಿವೆ."

"ಮುಜೀಬ್ ಭಾಯ್, ನಮ್ಮ ಮುನ್ನೂರು ಕುರ್ಚಿಯೂ ಹೆಬ್ಬೂರು ದಾಟಿವೆ."

ನಾನು ಬಗ್ಗಿ ನೋಡಿದೆ. ಕುರ್ಚಿ ನನ್ನ ಕೆಳಗೇ ಇತ್ತು. ಅದರ ಬೆನ್ನ ಮೇಲೆ ಹಳದಿ ಬಣ್ಣದಲ್ಲಿ 'ರಂ.ರಾ.' ಎಂದೂ ಇತ್ತು. ಎಚ್ಚರಿಸೋಣವೆಂದು ಎರಡೂ ಕೈ ಎತ್ತಿ ಬೀಸಿದೆ. ರಂಗರಾಜು ಅದನ್ನು ಅಭಿಮಾನ ಎಂದು ತಿಳಿದು ವೇದಿಕೆಯಿಂದಲೇ ಕೈಮುಗಿದರು.

ಓಬಳಮ್ಮನವರು ಟೈಪ್ ಮಾಡುವವರಲ್ಲ. ಫೋನಿಗೆ ಬಾಯಿ ಕೊಟ್ಟು ಹೇಳುತ್ತಾರೆ, ಅದು ಅಕ್ಷರವಾಗುತ್ತದೆ. ಅಕ್ಷರವಾದ ಮೇಲೂ ಅವರ ದನಿ ಕಡಿಮೆಯಾಗುವುದಿಲ್ಲ.

"ಏನಪ್ಪಾ ರಂಗರಾಜು, ಮಲ್ಲಸಂದ್ರ ದಾಟಿದ ಕುರ್ಚಿ ಒಂದೇ ನಿಮಿಷಕ್ಕೆ ಹೆಬ್ಬೂರ್ನಾಗೆ ಎಂಗಪ್ಪಾ ಇಳಿದ್ವು? ಅವಕ್ಕೇನು ರೆಕ್ಕೆ ಐತಾ? ನಮ್ ಬೀಗರು ಬಂದು ನಿಂತವ್ರೆ ಕಣಪ್ಪಾ. ಬೀಗರನ್ನ ನಿಲ್ಸಿ ಯಾವ್ ಮುಖ ಇಟ್ಕೊಂಡು ಮಗೀಗೆ ಹೆಸರಿಡ್ಲಿ?"

ಇದು ತಮಾಷೆಯ ಮಾತಲ್ಲ. ನಮ್ಮ ಕಡೆ ಪಾಯಸಕ್ಕೆ ಬೆಲ್ಲ ಕಡಿಮೆಯಾದರೆ ಬೀಗರು ಕ್ಷಮಿಸುತ್ತಾರೆ, ಕೂರಲು ಕುರ್ಚಿ ಇಲ್ಲದಿದ್ದರೆ ಮೊಮ್ಮಗಳ ಮದುವೆಯಲ್ಲಿ ಅದನ್ನು ನೆನೆಸಿಕೊಳ್ಳುತ್ತಾರೆ.

ತಕ್ಷಣ ಇನ್ನೊಂದು ಬಂತು. "ಅಮ್ಮಾ, ತಾವ್ಯಾರೋ ಗೊತ್ತಾಗ್ಲಿಲ್ಲ. ಹೆಬ್ಬೂರು ದಾಟಿದ್ದು ನಮ್ಮ ಕುರ್ಚಿ. ನಾನು ಕುಣಿಗಲ್ ಮುಜೀಬ್. ಕುರ್ಚಿ ಎದುರುಗೊಳ್ಳೋಣ ಅಂತ ಗೂಡ್ಸ್ ಗಾಡಿ ತಗೊಂಡು ಹೆಬ್ಬೂರಿಗೇ ಬಂದಿದೀನಿ. ಇಲ್ಲಿ ಒಂದು ಸ್ಟೂಲೂ ಇಲ್ಲ."

ಬುದ್ಧಿ ಇರುವವನು ಇಲ್ಲಿ ಫೋನು ಆರಿಸುತ್ತಿದ್ದ. ರಂಗರಾಜು ಇನ್ನಷ್ಟು ಸಮಾಧಾನ ಮಾಡಲು ಹೊರಟರು. ಯಾರದೋ ಮಾತು ಯಾರಿಗೋ ಹೇಗೋ ಸಿಕ್ಕಿದೆ ಎಂಬಷ್ಟು ಮಾತ್ರ ಅವರಿಗೆ ಹೊಳೆದಿತ್ತು. ಪೇಟ ಸರಿಮಾಡಿಕೊಂಡು ಒತ್ತಿದರು:

"ಓಬಳಮ್ಮನವರೇ, ಇದು ನಿಮಗೆ ಮಾತ್ರ. ಕುಣಿಗಲ್ಲಿನವರಿಗೆ ಸುಮ್ಮನೆ ಸಮಾಧಾನಕ್ಕೆ ಹೇಳಿದ್ದು. ಅವರು ಏನು ಹೇಳಿದರೂ ನಂಬುತ್ತಾರೆ. ಕುರ್ಚಿ ನಿಮ್ಮದೇ."

"ಮುಜೀಬ್ ಭಾಯ್, ಇದು ನಿಮಗೆ ಮಾತ್ರ. ಗುಬ್ಬಿ ಅಮ್ಮನಿಗೆ ವಯಸ್ಸಾಗಿದೆ, ಅರಳುಮರಳು. ಅವರ ಮಾತು ತಲೆಗೆ ಹಾಕಿಕೊಳ್ಳಬೇಡಿ. ಕುರ್ಚಿ ನಿಮ್ಮದೇ."

ನಾನು ಕಣ್ಣು ಮುಚ್ಚಿಕೊಂಡೆ.

ಅತಿಥಿ ಬಂದರು, ಪ್ರಾರ್ಥನೆಯಾಯಿತು, ಸ್ವಾಗತವಾಯಿತು. ಅಭಿನಂದನಾ ಪತ್ರ ಓದಲು ಭೀಮರಾಜ್ ಮಂಡಿ ಹಿಡಿದುಕೊಂಡು ಮೈಕಿನ ಮುಂದೆ ಬಂದರು. ಕನ್ನಡಕ ಹುಡುಕಲು ಜೇಬಿನಲ್ಲಿದ್ದುದನ್ನೆಲ್ಲ ತೆಗೆದು ಮೈಕಿನ ಬುಡದಲ್ಲಿಟ್ಟರು: ಕರವಸ್ತ್ರ, ಮುಲಾಮು, ಬುಧವಾರದಿಂದ ಆ ಪ್ರೋಗ್ರಾಂ ಹೊತ್ತು, ಅಲ್ಲಿಯವರೆಗೆ ಸಭೆಯ ಗದ್ದಲದಲ್ಲಿ ಜೇಬಿನೊಳಗೇ ಗೊಣಗುತ್ತಿದ್ದ ಫೋನು.

"ಹೊತ್ತಿಗೆ ಸರಿಯಾಗಿ ನಡೆಯುವ, ನುಡಿದಂತೆ ನಡೆಯುವ ಶ್ರೀ ರಂಗರಾಜು ಅವರೇ" ಎಂದು ಅವರು ಓದುತ್ತಿದ್ದಂತೆ ಟಿಂಗ್ ಎಂದಿತು. ರೈಲ್ವೆ ಸ್ಟೇಷನ್ನಿನ ಹೆಂಗಸು ರಂಗರಾಜು ಅವರದೇ ಮೈಕ್‌ಸೆಟ್ಟಿನಲ್ಲಿ, ಅವರದೇ ನಾಲ್ಕು ದೊಡ್ಡ ಬಾಕ್ಸುಗಳಲ್ಲಿ ಭವನ ತುಂಬ ಮಾತಾಡಿದಳು:

"ಓಬಳಮ್ಮ ಅವರಿಂದ ಸಂದೇಶ. ಯಾರಿಗ್ಲಾ ಅರಳುಮರಳು?"

ಭೀಮರಾಜ್ ಬೆಚ್ಚಿ ಪತ್ರದಲ್ಲಿ ಆ ಸಾಲು ಎಲ್ಲಿದೆ ಎಂದು ಹುಡುಕತೊಡಗಿದರು.

"ಮುಜೀಬ್ ಅವರಿಂದ ಸಂದೇಶ. ರಂಗರಾಜಣ್ಣ, ಏನು ಹೇಳಿದರೂ ನಂಬುತ್ತೇವೆ ಅಂತ ಬರೆದಿದ್ದೀರಲ್ಲ, ಅದನ್ನೂ ನಂಬಿದ್ದೇನೆ."

"ಓಬಳಮ್ಮ ಅವರಿಂದ ಸಂದೇಶ. ಈಗ ಎಲ್ಲವ್ನೆ ಅವ್ನು? ಏ ರಂಗರಾಜು, ಎಲ್ಲಿದೀಯಾ ಹೇಳು."

ಇಲ್ಲಿ ರಂಗರಾಜು ಅವರ ಹದಿನೆಂಟು ವರ್ಷದ ಅಭ್ಯಾಸ ಕೆಲಸ ಮಾಡಿತು. 'ಎಲ್ಲಿದ್ದೀಯಾ' ಎಂಬ ಪ್ರಶ್ನೆ ಕಂಡೊಡನೆ ಬೆರಳು ತಾನಾಗಿ ಓಡಿತು. ಮೈಕು ಗಂಭೀರವಾಗಿ ಘೋಷಿಸಿತು:

"ರಂಗರಾಜು ಅವರಿಂದ ಸಂದೇಶ. ಮಲ್ಲಸಂದ್ರದಲ್ಲಿ ಇದ್ದೇನೆ, ಇನ್ನು ಹತ್ತೇ ನಿಮಿಷ."

ಮುನ್ನೂರು ಜನ ವೇದಿಕೆ ನೋಡಿದರು. ಪೇಟ, ಶಾಲು, ಹಾರದ ಸಮೇತ ರಂಗರಾಜು ಸಿಂಹಾಸನದಲ್ಲೇ ಇದ್ದರು. ಮತ್ತೆ ಟಿಂಗ್.

"ಶಶಿಕಲಾ ಅವರಿಂದ ಸಂದೇಶ. ರೀ, ಸನ್ಮಾನ ಬಿಟ್ಟು ಮಲ್ಲಸಂದ್ರಕ್ಕೆ ಯಾಕೆ ಹೋದ್ರಿ? ನಾನಿಲ್ಲಿ ಮನೇಲಿ ಅರವತ್ತು ಜನಕ್ಕೆ ಹೋಳಿಗೆ ತಟ್ತಾ ಇದೀನಿ."

ಜನ ನಗುತ್ತಿದ್ದಾಗ ನಾನೊಂದು ಕೆಲಸ ಮಾಡಿದೆ. ಮುಚ್ಚುಮರೆ ಮಾಡುವುದಿಲ್ಲ. ನಮ್ಮ ಏರಿಯಾದಲ್ಲಿ ಇಪ್ಪತ್ತಾರು ವರ್ಷದಿಂದ ಅಚ್ಚು ಹಾಕುತ್ತಿದ್ದೇನೆ, ನನಗೆ ಒಬ್ಬರೂ ಒಂದು ನಿಂಬೆಹಣ್ಣು ಕೊಟ್ಟು ಕೈಮುಗಿದಿಲ್ಲ. ಈ ಮನುಷ್ಯ ಅಭಿನಂದನಾ ಪತ್ರದ ಪ್ರೂಫನ್ನು ಹದಿನಾಲ್ಕು ಸಲ ತಿದ್ದಿಸಿದ್ದರು, ಪ್ರತಿ ಸಲವೂ ತಮ್ಮನ್ನು ಇನ್ನಷ್ಟು ಹೊಗಳಿ. ಹೊಟ್ಟೆಕಿಚ್ಚು ಅನ್ನಿ, ಸತ್ಯನಿಷ್ಠೆ ಅನ್ನಿ, ನಾನು ಟೈಪ್ ಮಾಡಿದೆ:

"ಓಬಳಮ್ಮನವರೇ, ಮುಜೀಬ್ ಅವರೇ, ಕುರ್ಚಿಗಳು ಶಿರಾ ಗೇಟಿನ ಸಮುದಾಯ ಭವನದಲ್ಲಿವೆ. ಒಂದರ ಮೇಲೆ ನಾನೇ ಕೂತಿದ್ದೇನೆ."

ಅದನ್ನೂ ಮೈಕು ಓದಿದ ಮೇಲೆ ಭೀಮರಾಜ್ ಫೋನನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ತುರುಕಿದರು. ಸಭೆ ಸಾವರಿಸಿಕೊಂಡಿತು, ಮುಖ್ಯ ಅತಿಥಿ ಸಮಯಪಾಲನೆಯ ಮೇಲೆ ಮಾತು ಶುರು ಮಾಡಿದರು. ಮುಕ್ಕಾಲು ಗಂಟೆಯಾದರೂ ಪೀಠಿಕೆ ಮುಗಿದಿರಲಿಲ್ಲ. ಅಷ್ಟರಲ್ಲಿ ನನ್ನ ಫೋನಿಗೆ ಮೂರು ಸಂದೇಶ ಬಂದಿದ್ದವು.

"ಮುಜೀಬಪ್ಪಾ, ನಿಮ್ ಕಡೆ ಎಷ್ಟ್ ಜನ?"

"ನೂರೈವತ್ತು ಅಮ್ಮಾ. ನಿಮ್ಮದು?"

"ನಮ್ದೂ ಅಷ್ಟೇ. ಅರ್ಧ ನಿಂಗೆ, ಅರ್ಧ ನಂಗೆ. ಬಾ."

ಸಾಧನೆಯ ಈ ಯಂತ್ರ ಅಂದು ಮಾಡಿದ ಒಂದೇ ಒಳ್ಳೆಯ ಕೆಲಸ ಇದು. ಅದು ನಡೆದದ್ದು ರಂಗರಾಜು ಬಾಯಿ ಹಾಕದೆ ಇದ್ದುದರಿಂದ.

ಹನ್ನೆರಡು ಗಂಟೆಗೆ ಓಬಳಮ್ಮ ಬಂದರು. ಹೊಸ ರೇಷ್ಮೆ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಿಂದೆ ಎಂಟು ಜನ ನೆಂಟರು, ಹೊರಗೆ ಲಾರಿ. ಇನ್ನೊಂದು ಬಾಗಿಲಿನಿಂದ ಮುಜೀಬ್ ಬಂದರು, ಅತ್ತರಿನ ಪರಿಮಳದ ಜೊತೆ, ನಾಲ್ವರು ಅಳಿಯಂದಿರೊಂದಿಗೆ. ಇಬ್ಬರೂ ಮೊದಲ ಸಲ ಮುಖ ನೋಡಿಕೊಂಡು, ಎಷ್ಟೋ ವರ್ಷದ ಪರಿಚಯದವರ ಹಾಗೆ ತಲೆಯಾಡಿಸಿ ಕೆಲಸ ಹಂಚಿಕೊಂಡರು. ಓಬಳಮ್ಮ ಎಡಭಾಗದ ಕೊನೆಯ ಸಾಲಿನಿಂದ ಶುರು ಮಾಡಿದರು, ಮುಜೀಬ್ ಬಲಭಾಗದಿಂದ.

"ಏಳಪ್ಪಾ, ನನ್ ಕುರ್ಚಿ ಅದು."

"ಸ್ವಲ್ಪ ಏಳ್ತೀರಾ ಸಾರ್? ಮಗಳ ನಿಶ್ಚಿತಾರ್ಥ ಐತೆ, ಬೇಜಾರ್ ಮಾಡ್ಕೋಬೇಡಿ."

ಜನ ಎದ್ದರು. ಸಭಿಕರು ತಮ್ಮ ಮಾತಿಗೆ ಎದ್ದು ನಿಂತು ಗೌರವ ಸೂಚಿಸುತ್ತಿದ್ದಾರೆ ಎಂದು ತಿಳಿದ ಮುಖ್ಯ ಅತಿಥಿ, ಕಾಲವನ್ನು ಕುರಿತ ಇನ್ನೊಂದು ಶ್ಲೋಕ ಎತ್ತಿಕೊಂಡರು. ನಾನು ಹೇಳಿಸಿಕೊಳ್ಳುವ ಮೊದಲೇ ಎದ್ದೆ. ಹದಿನೈದು ನಿಮಿಷದಲ್ಲಿ ಭವನದಲ್ಲಿ ಕೂತಿದ್ದವರು ವೇದಿಕೆಯವರು ಮಾತ್ರ. ಓಬಳಮ್ಮ ವೇದಿಕೆ ಹತ್ತಿದರು.

"ಏಳಪ್ಪಾ ರಂಗರಾಜು. ಬಾಣಂತಿ ಕೂತ್ಕೊಳ್ಳಾಕೆ ಸಿಂಹಾಸನ ಅಂತ ಆರ್ಡರ್ನಾಗೆ ನಾನೇ ಬರ್ಸಿದ್ದೆ."

"ಓಬಳಮ್ಮನೋರೇ, ಒಂದೇ ಒಂದು ಹತ್ತು ನಿಮಿಷ. ಅಧ್ಯಕ್ಷ ಅಂತ ಒಂದ್ ಮಾತು ಅನೌನ್ಸ್ ಮಾಡ್ಬುಡ್ಲಿ" ಎಂದರು ರಂಗರಾಜು. ಆ ದನಿ ಕೇಳಿ ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ. ಹನ್ನೊಂದು ವರ್ಷ ಕಾದಿದ್ದ ಮನುಷ್ಯ.

"ನಿನ್ ಹತ್ತು ನಿಮಿಷ ಎಷ್ಟೊತ್ತು ಅಂತ ಬೆಳಿಗ್ಗೆಯಿಂದ ನೋಡಿದೀನಿ, ಏಳು."

ಅವರು ಎದ್ದರು. ಸಿಂಹಾಸನ ಮೆಟ್ಟಿಲಿಳಿಯಿತು. ಅದರ ಹಿಂದೆ ಮೈಕ್‌ಸೆಟ್ಟೂ ಹೋಯಿತು, ಏಕೆಂದರೆ ಅದೂ ಗುಬ್ಬಿಗೆ ಬುಕ್ ಆಗಿತ್ತು. ಶ್ಲೋಕ ಅರ್ಧಕ್ಕೆ ನಿಂತಿತು.

ಸಂಘದ ಹಿರಿಯರು ಒಂದು ಮೂಲೆಯಲ್ಲಿ ನಿಂತುಕೊಂಡೇ ಸಭೆ ಮಾಡಿದರು. ಎಲ್ಲರೂ ಶಾಮಿಯಾನದವರೇ. ಒಬ್ಬೊಬ್ಬರ ಕುರ್ಚಿಯೂ ಅದೇ ಹೊತ್ತಿನಲ್ಲಿ ಯಾವುದೋ ಊರು ದಾಟುತ್ತಲೇ ಇತ್ತು. ಭೀಮರಾಜ್ ತೀರ್ಪು ಹೇಳಿದರು:

"ನೋಡಯ್ಯ ರಂಗರಾಜು, ನೀನು ಸಮಾಧಾನ ಮಾಡಿದ್ದು ತಪ್ಪು ಅಂತ ನಾವ್ಯಾರೂ ಅನ್ನಲ್ಲ. ನಾವೂ ಮಾಡ್ತೀವಿ. ಆದ್ರೆ ಒಬ್ಬೊಬ್ಬರನ್ನ ಬೇರೆ ಕರ್ಕೊಂಡೋಗಿ ಮಾಡೋದು ನಮ್ಮ ಹಿರಿಯರಿಂದ ಬಂದ ಪದ್ಧತಿ. ನೀನು ಎಲ್ಲರನ್ನೂ ಒಟ್ಟಿಗೆ ನಿಲ್ಸಿ ಮಾಡ್ದೆ. ಇಂಥೋನ ಕೈಗೆ ಸಂಘ ಕೊಟ್ರೆ ನಮ್ಮ ಕಸುಬು ಉಳಿಯಲ್ಲ ಕಣಯ್ಯ."

ಹೀಗೆಂದು ಅವರು ಸರಸರನೆ ವೇದಿಕೆ ಹತ್ತಿ, ಮಂಡಿನೋವು ವಾಸಿಯಾಗಿದೆ, ನಾನೇ ಮುಂದುವರಿಯುತ್ತೇನೆ ಎಂದು ಬರಿಗಂಟಲಿನಲ್ಲಿ ಘೋಷಿಸಿದರು. ನಿಂತಿದ್ದವರು ಚಪ್ಪಾಳೆ ತಟ್ಟಿದರು. ಕಾಲು ನೋಯುತ್ತಿತ್ತು, ಬೇಗ ಮುಗಿಯಲಿ ಎಂದು ಎರಡು ಸಲ ತಟ್ಟಿದರು.

ಹೊರಗೆ ಮುಜೀಬ್ ಗಾಡಿ ಹೊರಟಿತು. ಹೋಗುವಾಗ ಓಬಳಮ್ಮನವರಿಗೆ, "ಊಟಕ್ಕೆ ಬರ್ಬೇಕಿತ್ತು ಅಮ್ಮಾ, ಮದ್ವೆಗಾದ್ರೂ ತಪ್ಪಿಸ್ಬೇಡಿ" ಎಂದರು. ಓಬಳಮ್ಮ ಲಾರಿಯ ಬಾಗಿಲು ತೆಗೆದು ರಂಗರಾಜು ಅವರನ್ನು ಕರೆದರು.

"ಹತ್ತು. ನೀನೇ ಬಂದು ನಮ್ ಬೀಗರಿಗೆ ಕೈಯಾರೆ ಕುರ್ಚಿ ಹಾಕಿ, ತಪ್ಪಾಯ್ತು ಅನ್ಬೇಕು. ಆ ಪೇಟ ತೆಗೀಬೇಡ, ಇರ್ಲಿ. ದೊಡ್ ಮನುಷ್ಯರೊಬ್ರು ಬಂದು ಕುರ್ಚಿ ಹಾಕಿದ್ರು ಅಂತ ಬೀಗರಿಗೆ ಸಮಾಧಾನ ಆಗ್ಲಿ."

ರಂಗರಾಜು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿಯ ಸಮೇತ ಡ್ರೈವರ್ ಮತ್ತು ಓಬಳಮ್ಮನವರ ನಡುವೆ ಕೂತರು. ಲಾರಿ ಗುಬ್ಬಿ ರಸ್ತೆ ಹಿಡಿಯಿತು. ನಾನು ಪ್ರೆಸ್ಸಿಗೆ ಬಂದು, ಬಿರುದಿನ ಪತ್ರವನ್ನು ಹಳೆಯ ಪ್ರೂಫುಗಳ ಮೇಲಿಟ್ಟು, ನೀರು ಕುಡಿಯುತ್ತಿದ್ದಾಗ ಫೋನು ಟಿಂಗ್ ಎಂದಿತು. ಸರ್ವರ್ ಪಕ್ಕದ ಗೋಡೌನಿನಲ್ಲಿ ಇನ್ನೂ ನಿಯತ್ತಾಗಿ ಉರಿಯುತ್ತಿತ್ತು, ಇನ್ನೂ 'ಎಲ್ಲರಿಗೂ' ಎಂದೇ ಇತ್ತು.

"ಶಶಿಕಲಾ, ಊಟಕ್ಕೆ ಕಾಯಬೇಡ. ಕುರ್ಚಿ ಜೊತೆ ಮಲ್ಲಸಂದ್ರ ದಾಟುತ್ತಿದ್ದೇನೆ."

ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರು ನಿಜವಾಗಿಯೂ ಮಲ್ಲಸಂದ್ರ ದಾಟುತ್ತಿದ್ದರು. ನನಗೆ ಗೊತ್ತಿತ್ತು. ಹೋಳಿಗೆ ಮುಂದಿಟ್ಟುಕೊಂಡು ಕೂತಿದ್ದ ಅವರ ಹೆಂಡತಿಗೆ ಗೊತ್ತಿರಲಿಲ್ಲ.

"ರೀ, ಗಿರಾಕಿಗೆ ಹೇಳೋದನ್ನ ನಂಗೆ ಹೇಳ್ಬೇಡಿ. ನಿಜವಾಗ್ಲೂ ಎಲ್ಲಿದೀರಾ?"

"ನಿಜ ಕಣೇ. ದೇವರಾಣೆ. ಬೋರ್ಡು ಕಾಣ್ತಾ ಇದೆ."

ಕೊನೆಗೆ ಓಬಳಮ್ಮನವರಿಗೇ ಕನಿಕರವಾಯಿತೆಂದು ಕಾಣುತ್ತದೆ.

"ನಿಜ ಕಣವ್ವಾ. ನಾನು ಗುಬ್ಬಿ ಓಬಳಮ್ಮ. ನನ್ ಪಕ್ದಾಗೇ ಕೂತವ್ನೆ, ಕಣ್ಣಾಗೆ ನೀರು ಹಾಕ್ಕೊಂಡು. ಮಲ್ಲಸಂದ್ರ ಈಗ ದಾಟಿದ್ವಿ."

ಶಶಿಕಲಾ ಅವರಿಂದ ಸಂದೇಶ ಬಂತು.

"ಅಯ್ಯೋ ಅಮ್ಮಾ, ಇವ್ರು ನಿಮಗೂ ಇದನ್ನ ಕಲಿಸಿಬಿಟ್ರಾ?"